ಹನ್ನೊಂದು ತಿಂಗಳು ಕೂಲೆಂಟ್ ಕುಡಿದ ಕಾರು

ಕಾರು 2009ರದು. ಪೆಟ್ರೋಲ್, ಐದು ಗೇರು, ಓಡಿದ್ದು 1,87,000 ಕಿಲೋಮೀಟರ್. ಎಂಜಿನ್ನಿನ ಶಕ್ತಿ, ಡಿಕ್ಕಿಯ ಅಳತೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬಹುದು. ಇಷ್ಟು ಹಳೆಯ ಕಾರಿನ ಮಟ್ಟಿಗೆ ಆ ಅಂಕಿಗಳು ಮದುವೆಯ ದಿನದ ಫೋಟೋ ಇದ್ದಂತೆ; ಸುಳ್ಳಲ್ಲ, ಆದರೆ ಈಗಿನ ಮುಖ ಅದಲ್ಲ.

ನಾನು ಇದನ್ನು ಬರೆಯಲು ಕೂತಿರುವುದು ಒಂದೇ ಕಾರಣಕ್ಕೆ. ಹನ್ನೊಂದು ತಿಂಗಳ ಕಾಲ ಈ ಕಾರು ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ, ಕುಡಿಯುತ್ತಿತ್ತು, ಕುಡಿದದ್ದು ಎಲ್ಲಿ ಹೋಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಹೊಸ ಕಾರು ಕೊಳ್ಳುವುದೋ, ಇದನ್ನೇ ಓಡಿಸುವುದೋ ಎಂಬ ಮಾತು ನಮ್ಮ ಮನೆಯಲ್ಲಿ ಎದ್ದದ್ದು ಯಾವುದೇ ಜಾಹೀರಾತು ನೋಡಿ ಅಲ್ಲ, ಬಾನೆಟ್ ಕೆಳಗಿನ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿ.

ಭಾನುವಾರ ಬೆಳಿಗ್ಗೆ ನನಗೊಂದು ಅಭ್ಯಾಸವಿದೆ. ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸುತ್ತೇನೆ. ಮೊದಲು ಆಯಿಲ್. ಡಿಪ್‌ಸ್ಟಿಕ್ ಎಳೆದು, ಹಳೆಯ ಬನಿಯನ್ನಿನ ಚೂರಿನಲ್ಲಿ ಒರೆಸಿ, ಮತ್ತೆ ಇಳಿಸಿ, ಎಳೆದು ಬೆಳಕಿಗೆ ಹಿಡಿಯುತ್ತೇನೆ. ಆಮೇಲೆ ಬ್ರೇಕ್ ಆಯಿಲ್‌ನ ಮಟ್ಟ, ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬಿಳಿ ಪುಡಿ ಕಟ್ಟಿದೆಯೇ ಎಂದು ಒಂದು ನೋಟ. ಕೊನೆಗೆ ಕೂಲೆಂಟ್ ಡಬ್ಬಿಯ ಹಿಂದಿನಿಂದ ಟಾರ್ಚ್ ಬಿಡುತ್ತೇನೆ. ವರ್ಷಗಳ ಕಾವಿಗೆ ಹಳದಿಯಾದ ಪ್ಲಾಸ್ಟಿಕ್ಕಿನೊಳಗೆ ಹಸಿರು ನೀರಿನ ಮಟ್ಟ ನೆರಳಿನಂತೆ ಕಾಣಿಸುತ್ತದೆ. ಎಲ್ಲ ಸೇರಿ ಏಳು ನಿಮಿಷ. ನಂತರ ಒಳಗೆ ಕೂತು ಕೀಲಿಯನ್ನು ಒಂದು ಹಂತ ತಿರುಗಿಸಿ ನಿಲ್ಲಿಸುತ್ತೇನೆ. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್‌ಗುಟ್ಟಿ, ಪೈಪಿನಲ್ಲಿ ಒತ್ತಡ ತುಂಬಿಸಿ, ಸುಮ್ಮನಾಗುತ್ತದೆ. ಆಮೇಲೆ ಸ್ಟಾರ್ಟ್. ಕಾಯಲೇಬೇಕೆಂಬ ನಿಯಮವೇನಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಒಂದು ದಿನ ಆ ಸದ್ದು ಬರಲಿಲ್ಲ. ಸ್ಟಾರ್ಟರ್ ತಿರುಗಿಸಿ ಬ್ಯಾಟರಿ ಬರಿದು ಮಾಡುವ ಮೊದಲೇ ಪಂಪ್ ಹೋಗಿದೆ ಎಂದು ನನಗೆ ಗೊತ್ತಾಯಿತು. ಅಂದಿನಿಂದ ಆ ಎರಡು ಸೆಕೆಂಡ್ ನನಗೆ ನಾಡಿ ನೋಡಿದ ಹಾಗೆ.

ಇಂಥದ್ದೇ ಒಂದು ಭಾನುವಾರ ಕೂಲೆಂಟ್ ಕನಿಷ್ಠ ಗೆರೆಗಿಂತ ಕೆಳಗೆ ಹೋಗಿತ್ತು. ತುಂಬಿಸಿದೆ. ಎರಡು ವಾರಕ್ಕೆ ಮತ್ತೆ ಇಳಿಯಿತು. ಆಮೇಲೆ ಒಂದು ತಿಂಗಳು ಅಲುಗಾಡಲಿಲ್ಲ. ಮತ್ತೆ ಇಳಿಯಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ.

ಗ್ಯಾರೇಜಿನ ಮೇಸ್ತ್ರಿ ಮೊದಲು ಅನುಮಾನಪಟ್ಟಿದ್ದು ಕೂಲೆಂಟಿನ ಮುಚ್ಚಳವನ್ನು. ನಾನು ನಕ್ಕೆ, ನಗಬಾರದಿತ್ತು. ಆ ಮುಚ್ಚಳದೊಳಗೆ ಒಂದು ಸ್ಪ್ರಿಂಗ್ ಇರುತ್ತದೆ, ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್‌ನಷ್ಟು ಹೆಚ್ಚು ಒತ್ತಡ ಸಿಕ್ಕರೆ ಬರೀ ನೀರು ಕೂಡ 120 ಡಿಗ್ರಿ ಸೆಲ್ಸಿಯಸ್ ಆಗುವ ತನಕ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲಾದರೆ ನೀರು ಬೇಗ ಕುದಿದು ಆವಿಯಾಗಿ ಹೋಗುತ್ತದೆ, ನೆಲಕ್ಕೆ ಹನಿ ಬೀಳುವುದೇ ಇಲ್ಲ. ಸರಿ, ಮುಚ್ಚಳ ಬದಲಾಯಿತು. ಮಟ್ಟ ಮತ್ತೆ ಇಳಿಯಿತು. ಆಮೇಲೆ ಹೋಸ್ ಪೈಪುಗಳ ಕ್ಲಿಪ್ಪು. ಆಮೇಲೆ ರೇಡಿಯೇಟರ್. ಆಮೇಲೆ ವಾಟರ್ ಪಂಪ್: ಅದರ ಒಳಗಿನ ಸೀಲ್ ಸವೆದರೆ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿ ಒಣಗಿದ ಕಲೆ ಉಳಿಯುತ್ತದೆ. ನನ್ನದರ ಸುತ್ತ ಕಲೆ ಇರಲಿಲ್ಲ. ಆದರೂ ಟೈಮಿಂಗ್ ಬೆಲ್ಟ್ ಬದಲಿಸುವ ಹೊತ್ತು ಬಂದಿದ್ದರಿಂದ, ಹೇಗೂ ಅಷ್ಟು ಬಿಚ್ಚುತ್ತೇವೆ ಎಂದು ಪಂಪನ್ನೂ ಬದಲಿಸಿದೆವು. ಬೆಲ್ಟಿನ ವಿಷಯದಲ್ಲಿ ಮಾತ್ರ ನಾನು ಜಿಪುಣತನ ಮಾಡುವುದಿಲ್ಲ. ಪಿಸ್ಟನ್, ವಾಲ್ವ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವುದು ಅದೇ. ಇಂಥ ಎಂಜಿನ್ನಿನಲ್ಲಿ ಓಡುವಾಗ ಅದು ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗಳಿಗೆ ಬಡಿಯುತ್ತದೆ. ಆಮೇಲೆ ಚರ್ಚೆಗೆ ಏನೂ ಉಳಿಯುವುದಿಲ್ಲ.

ಏಳನೆಯ ತಿಂಗಳಲ್ಲಿ ಮೇಸ್ತ್ರಿ ಧ್ವನಿ ತಗ್ಗಿಸಿ, "ಹೆಡ್ ಗ್ಯಾಸ್ಕೆಟ್ ಇರಬಹುದು ಸರ್" ಎಂದರು. ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಸೋರದಂತೆ ಕೂರಿಸಿದ ಹಾಳೆ ಅದು. ಹಳೆಯ ಕಾರು ಇಟ್ಟುಕೊಂಡವರಿಗೆ ಈ ಎರಡು ಪದ ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ಅದನ್ನು ಪರೀಕ್ಷಿಸಲು ಒಂದು ಗಾಜಿನ ನಳಿಗೆಯಲ್ಲಿ ನೀಲಿ ದ್ರವ ತುಂಬಿ, ಕೂಲೆಂಟ್ ಬಾಯಿಗೆ ಕೂರಿಸಿ, ಓಡುತ್ತಿರುವ ಎಂಜಿನ್ನಿನಿಂದ ಬರುವ ಗಾಳಿಯನ್ನು ಅದರೊಳಗೆ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಸುಳುತ್ತಿದ್ದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ತಗುಲಿ ನೀಲಿ ಹಳದಿಯಾಗುತ್ತದೆ. ಐದು ನಿಮಿಷ ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ನೀಲಿ ನೀಲಿಯಾಗಿಯೇ ಉಳಿಯಿತು.

ಸಮಾಧಾನವೇನೋ ಆಯಿತು, ಉತ್ತರ ಮಾತ್ರ ಸಿಗಲಿಲ್ಲ. ಈ ಹೊತ್ತಿಗೆ ಬಂಧುಗಳೆಲ್ಲ ಸಲಹೆಗಾರರಾಗಿದ್ದರು. ಎಲ್ಲರೂ ಹೇಳುವ ಸೂತ್ರ ಒಂದೇ: ರಿಪೇರಿಯ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡು. ಕೇಳಲು ಬುದ್ಧಿವಂತಿಕೆಯ ಮಾತು. ಆದರೆ ಹದಿನಾರು ವರ್ಷದ ಕಾರಿಗೆ ಬೆಲೆ ಎಂದು ಉಳಿದಿರುವುದೇ ಎಷ್ಟು? ನಾಲ್ಕು ಟೈರ್ ಹಾಕಿಸಿದರೂ ಆ ಗೆರೆಯ ಹತ್ತಿರ ಹೋಗುತ್ತೇವೆ. ರಿಪೇರಿಯ ಖರ್ಚನ್ನು ಈ ಕಾರಿನ ಬೆಲೆಯ ಪಕ್ಕದಲ್ಲಿಟ್ಟು ನೋಡುವುದಲ್ಲ, ಇದನ್ನು ಮಾರಿ ಬೇರೊಂದನ್ನು ತಂದರೆ ಅದೇ ಒಂದು ವರ್ಷದಲ್ಲಿ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದರ ಪಕ್ಕದಲ್ಲಿಟ್ಟು ನೋಡಬೇಕು. ಸಾಲದ ಬಡ್ಡಿ, ದುಬಾರಿ ವಿಮೆ, ಅದೆಲ್ಲಕ್ಕಿಂತ ಮೊದಲ ಎರಡು ಮೂರು ವರ್ಷ ಕಣ್ಣಿಗೆ ಕಾಣದೆ ಜಾರುವ ಮರುಮಾರಾಟದ ಬೆಲೆ. ನನ್ನ ನೋಟ್‌ಬುಕ್ಕಿನ ಪ್ರಕಾರ ಆ ಹನ್ನೊಂದು ತಿಂಗಳ ಎಲ್ಲ ರಿಪೇರಿ ಸೇರಿ, ನಾನು ನೋಡಿಟ್ಟಿದ್ದ ಹೊಸ ಕಾರಿನ ನಾಲ್ಕು ತಿಂಗಳ ಕಂತು ಆಗಿತ್ತು. ಅದೂ ದಂಡಕ್ಕೆ ಬದಲಿಸಿದ ರೇಡಿಯೇಟರನ್ನೂ ಸೇರಿಸಿ.

ಉತ್ತರ ಕೊಟ್ಟದ್ದು ಅದೇ ನೋಟ್‌ಬುಕ್. ಮಟ್ಟ ಇಳಿದ ವಾರಗಳಿಗೆಲ್ಲ ಗುರುತು ಹಾಕುತ್ತಾ ಹೋದಾಗ ಕಂಡಿತು: ಎಲ್ಲವೂ ಮಳೆಯ ವಾರಗಳು. ಮಳೆಗೂ ಕೂಲೆಂಟಿಗೂ ಏನು ಸಂಬಂಧ? ಮಳೆ ಬಂದಾಗ ಮುಂದಿನ ಗಾಜಿಗೆ ಮಂಜು ಕಟ್ಟುತ್ತದೆ, ನಾನು ಹೀಟರ್ ಹಾಕುತ್ತೇನೆ. ಎಂಜಿನ್ನಿನ ಬಿಸಿ ಕೂಲೆಂಟೇ ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿರುವ ಒಂದು ಪುಟ್ಟ ರೇಡಿಯೇಟರಿಗೆ ಹೋಗಿ ನಮಗೆ ಬಿಸಿ ಗಾಳಿ ಕೊಡುವುದು. ಹೀಟರ್ ಕೋರ್ ಎನ್ನುತ್ತಾರೆ. ಕೆಲವು ಕಾರುಗಳಲ್ಲಿ ಆ ದಾರಿಗೆ ಒಂದು ವಾಲ್ವ್ ಇರುತ್ತದೆ. ನನ್ನದರಲ್ಲಿದೆ. ಹೀಟರ್ ಹಾಕದಿದ್ದರೆ ಅತ್ತ ನೀರೇ ಹೋಗುವುದಿಲ್ಲ. ಗ್ಯಾರೇಜಿನಲ್ಲಿ ಒತ್ತಡ ತುಂಬಿ ಪರೀಕ್ಷಿಸಿದಾಗಲೆಲ್ಲ ವಾಲ್ವ್ ಮುಚ್ಚಿಯೇ ಇತ್ತು. ಕಾರಿನೊಳಗೆ ಜ್ವರದ ಸಿರಪ್ ಚೆಲ್ಲಿದಂಥ ಸಿಹಿ ವಾಸನೆ ಬರುತ್ತಿದೆ ಎಂದು ಹೆಂಡತಿ ಎರಡು ಸಲ ಹೇಳಿದ್ದಳು. ಮಗಳೇ ಏನೋ ಚೆಲ್ಲಿರಬೇಕೆಂದು ನಾನು ಅವಳನ್ನು ಗದರಿಸಿದ್ದೆ. ಪಕ್ಕದ ಸೀಟಿನ ಮುಂದಿನ ಕಾರ್ಪೆಟ್ ಎತ್ತಿ ನೋಡಿದರೆ ಕೆಳಗಿನ ಸ್ಪಂಜು ತೊಪ್ಪೆಯಾಗಿತ್ತು. (ನಾಯಿ, ಬೆಕ್ಕು ಸಾಕಿದವರಿಗೆ ಒಂದು ಮಾತು: ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿಯಾಗಿರುತ್ತದೆ ಮತ್ತು ವಿಷ. ಚೆಲ್ಲಿದ್ದನ್ನು ಹಾಗೇ ಬಿಡಬೇಡಿ.)

"ಸಾಮಾನಿಗೆ ಖರ್ಚಿಲ್ಲ ಸರ್, ಕೆಲಸಕ್ಕೆ ಖರ್ಚು" ಎಂದರು ಮೇಸ್ತ್ರಿ. ಪುಸ್ತಕದಷ್ಟು ದೊಡ್ಡ ಆ ಕೋರ್ ತಲುಪಲು ಸ್ಟೀರಿಂಗ್, ಏರ್‌ಬ್ಯಾಗ್, ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಎಸಿಯ ಗ್ಯಾಸ್ ಇಳಿಸಬೇಕು. ನಾನು ಒಂದು ಷರತ್ತು ಹಾಕಿದೆ: ಮೊದಲು ಕಾರನ್ನು ಎತ್ತಿ ಅಡಿಭಾಗ ನೋಡಿ. ಎಂಜಿನ್ನು, ಗೇರ್‌ಬಾಕ್ಸು ಬದಲಿಸಬಹುದು. ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ತಿಂದಿದ್ದರೆ ಕಾರಿನ ಆಯುಷ್ಯ ಮುಗಿದಂತೆಯೇ. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ಕುಟ್ಟಿದರು. ಎಲ್ಲ ಕಡೆ ಗಟ್ಟಿ ಸದ್ದು. ಸರಿ, ಬಿಚ್ಚಿ ಎಂದೆ.

ಬಿಚ್ಚಿದ ಒಂಬತ್ತು ದಿನ ನನ್ನ ಕೈಗೆ ಅಕ್ಕನ ಹೊಸ ಕಾರು ಬಂತು. ಐದು ತಿಂಗಳ ಹಿಂದೆ ಕೊಂಡದ್ದು. ಬೈಯಲು ಸಿದ್ಧನಾಗಿಯೇ ಕೂತೆ, ಬೈಯಲು ವಸ್ತುವೂ ಸಿಕ್ಕಿತು. ಗಾಳಿಯ ವೇಗ ಕಡಿಮೆ ಮಾಡಲು ಪರದೆಯನ್ನು ಮೂರು ಸಲ ಮುಟ್ಟಬೇಕು, ಮುಟ್ಟುವಾಗ ರಸ್ತೆ ಬಿಟ್ಟು ಅದನ್ನೇ ನೋಡಬೇಕು. ನನ್ನ ಕಾರಿನ ಗುಂಡನೆಯ ನಾಬನ್ನು ಕತ್ತಲೆಯಲ್ಲೂ ತಿರುಗಿಸುತ್ತೇನೆ. ಇದು ಬರೀ ಮುದಿ ಗೊಣಗಾಟವಲ್ಲ. ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಮೂಲ ಕೆಲಸಗಳಿಗೆ ಕೈಗೆ ಸಿಗುವ ಗುಂಡಿಗಳೇ ಇರಬೇಕೆಂದು ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ತನ್ನ ಅಂಕ ನೀಡಿಕೆಯಲ್ಲೇ ಸೇರಿಸಿದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರಿಗೆ ಒಂದು ಬಾಟಲಿ ಅಂಟು ಮತ್ತು ಸಣ್ಣ ಪಂಪು. ರಸ್ತೆಯ ಮೇಲಿನ ಗೆರೆಯ ಹತ್ತಿರ ಹೋದರೆ ಸ್ಟೀರಿಂಗ್ ನನ್ನ ಕೈಯನ್ನು ಹಿಡಿದು ಎಳೆಯುತ್ತದೆ.

ಮೂರನೆಯ ದಿನದ ಹೊತ್ತಿಗೆ ನನ್ನ ಗೊಣಗಾಟ ಕಡಿಮೆಯಾಗಿತ್ತು. ಐದನೆಯ ದಿನ ರಾತ್ರಿ ಮಳೆಯಲ್ಲಿ ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ಬ್ರೇಕ್ ಒತ್ತುತ್ತಲೇ ಸ್ಟೀರಿಂಗ್ ತಿರುಗಿಸಿದೆ. ಹಿಂಭಾಗ ಜಾರಲು ಹೊರಟಿತು, ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಮಿಣುಕಿತು, ಕಾರು ತಾನೇ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿಕೊಂಡು ನೆಟ್ಟಗಾಯಿತು. ನಾಯಿ ಹೋಯಿತು. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಎಂಬ ಈ ವ್ಯವಸ್ಥೆ ಕಾರುಗಳಿಗೆ ಬಂದದ್ದು 1995ರಲ್ಲಿ. ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ನನ್ನ ಕಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದೆ, ಇದು ಇಲ್ಲ. ಆಗ ದುಬಾರಿ ಮಾದರಿಗೆ ಮಾತ್ರ ಕೊಡುತ್ತಿದ್ದರು, ನಾನು ದುಡ್ಡು ಉಳಿಸಿದ್ದೆ.

ಒಂಬತ್ತು ದಿನದ ಮೇಲೆ ನನ್ನ ಕಾರು ಬಂತು. ಸೋರಿಕೆ ನಿಂತಿದೆ. ಆದರೆ ಮನೆಗೆ ತರುವ ದಾರಿಯಲ್ಲಿ, ಹದಿನಾರು ವರ್ಷದಲ್ಲಿ ಮೊದಲ ಸಲ, ನನ್ನ ಕಾರಿನ ಸದ್ದು ನನಗೆ ಕೇಳಿಸಿತು. ಟೈರಿನ ಮೊರೆತ, ಬಾಗಿಲಿನ ರಬ್ಬರಿನಿಂದ ಬರುವ ಗಾಳಿಯ ಸಿಳ್ಳೆ, ಹಳ್ಳ ಬಂದರೆ ಹಿಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳ ಕಟಕಟ. ಇಷ್ಟು ದಿನ ಇದನ್ನೆಲ್ಲ ನಾನು ಕಾರಿನ ಗುಣ ಎಂದು ಹೊಗಳಿಕೊಂಡು ತಿರುಗಿದ್ದೆ. ಸಾಲದ್ದಕ್ಕೆ ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಹೊಸದಾಗಿ ಒಂದು ಟಿಕ್ ಟಿಕ್. ಬಿಚ್ಚಿ ಕೂರಿಸಿದ ಹಳೆಯ ಪ್ಲಾಸ್ಟಿಕ್ ಕೊಂಡಿಗಳು ಮತ್ತೆ ಮೊದಲಿನ ಹಾಗೆ ಹಿಡಿಯುವುದಿಲ್ಲ. ಸೀಟಿನ ಕೆಳಗೆ ಒಂದು ಸ್ಕ್ರೂ ಕೂಡ ಸಿಕ್ಕಿತು. ಎಲ್ಲಿಯದೆಂದು ಮೇಸ್ತ್ರಿಗೂ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ನಾನು ಬರೆಯದೆ ಬಿಟ್ಟ ಒಂದು ಖರ್ಚೂ ಅಂದು ನೆನಪಾಯಿತು: ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಕಳೆದ ಹದಿಮೂರು ಶನಿವಾರಗಳು.

ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ ನನ್ನ ಲೆಕ್ಕ ನೇರವಾಗಿ ಹೊಂದುವುದಿಲ್ಲ. ನಾನು ಈಗ ದಿನಕ್ಕೆ ಆರೇಳು ಕಿಲೋಮೀಟರ್ ಮಾತ್ರ ಓಡಿಸುವವನು. ಅಮೆರಿಕದ ಅರ್ವ್ ಗಾರ್ಡನ್ ತನ್ನ 1966ರ ವೋಲ್ವೋದಲ್ಲಿ 30 ಲಕ್ಷ ಮೈಲಿ ದಾಟಿದ್ದನ್ನು ಹಳೆಯ ಕಾರಿನವರು ಮಂತ್ರದಂತೆ ಹೇಳುತ್ತಾರೆ. ಆತ ಉದ್ದುದ್ದ ಪ್ರಯಾಣ ಮಾಡುತ್ತಿದ್ದವರು, ಅದು ಎಂಜಿನ್ನಿಗೆ ಹಿತ. ನನ್ನಂಥವರ ಚೂರುಪಾರು ಓಡಾಟದಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ, ಅದರಲ್ಲಿ ಸೇರಿದ ತೇವ ಆರುವುದಿಲ್ಲ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಾಗಾಗಿ ಕಿಲೋಮೀಟರ್ ನೋಡದೆ ವರ್ಷಕ್ಕೊಮ್ಮೆ ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಮೇಲಿನ ಗೀರುಗಳು ಆಳವಾಗಿವೆ ಎಂಬ ಒಂದೇ ಕಾರಣಕ್ಕೆ ಟೈರನ್ನು ನಂಬುವುದೂ ಇಲ್ಲ, ಅದರ ವಯಸ್ಸೂ ಮುಖ್ಯ. ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ನೋಡುತ್ತೇನೆ. 2319 ಎಂದಿದ್ದರೆ 2019ರ 23ನೆಯ ವಾರದ ಟೈರು.

ನಾನೊಬ್ಬನೇ ಓಡಿಸುವುದಾದರೆ ಇದನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುತ್ತಿದ್ದೆ, ಟಿಕ್ ಟಿಕ್ ಸಮೇತ. ಆದರೆ ಮಗಳು ಮುಂದಿನ ವರ್ಷ ಕಾರು ಕಲಿಯುತ್ತಾಳೆ. ಆ ಮಳೆಯ ತಿರುವಿನಲ್ಲಿ ಅವಳು ಇದರಲ್ಲಿರುವುದನ್ನು ನಾನು ಕಲ್ಪಿಸಿಕೊಳ್ಳಲಾರೆ. ಹೊಸದನ್ನು ಕೊಳ್ಳುವುದಿಲ್ಲ, ಮೂರು ನಾಲ್ಕು ವರ್ಷ ಹಳೆಯದು, ಆ ಹಳದಿ ದೀಪ ಇರುವಂಥದ್ದು, ಸರ್ವೀಸ್ ದಾಖಲೆ ಸರಿಯಾಗಿರುವಂಥದ್ದು ನೋಡುತ್ತಿದ್ದೇನೆ. ಬೆಲೆ ಜಾರುವ ಆ ಮೊದಲ ವರ್ಷಗಳ ನಷ್ಟ ಬೇರೆ ಯಾರದೋ ಪಾಲಿಗೆ ಹೋಗಿರುತ್ತದೆ. ಹೀಟರಿಗೆ ತಿರುಗಿಸುವ ನಾಬ್ ಇರಬೇಕೆಂಬುದು ನನ್ನ ಷರತ್ತು. ಹೆಂಡತಿ, ಮಗಳು ಇಬ್ಬರೂ ನಗುತ್ತಾರೆ.

ಅಲ್ಲಿಯ ತನಕ ಭಾನುವಾರದ ಏಳು ನಿಮಿಷ ನಡೆದಿದೆ. ಹೊಸ ಕೋರ್ ಹಾಕಿ ನಾಲ್ಕು ತಿಂಗಳಾಯಿತು, ನಡುವೆ ಒಳ್ಳೆಯ ಮಳೆಯೂ ಬಂತು. ಮೊನ್ನೆ ಟಾರ್ಚ್ ಬಿಟ್ಟು ನೋಡಿದೆ. ಮಟ್ಟ ಗೆರೆಗಿಂತ ಒಂದು ಕೂದಲೆಳೆಯಷ್ಟು ಕೆಳಗಿತ್ತು. ಕಾರು ಸ್ವಲ್ಪ ಇಳಿಜಾರಿನಲ್ಲಿ ನಿಂತಿತ್ತು ಎಂದುಕೊಂಡಿದ್ದೇನೆ.