ಸಂಕಲ್ಪಕ್ಕೊಂದು ದಿನಚರಿ: ಮೂರು ತಿಂಗಳ ಬಳಕೆಯ ನಂತರ

ಯುಗಾದಿಯ ಹೊತ್ತಿಗೆ ಬೆಂಗಳೂರಿನ ಗಾಂಧಿಬಜಾರಿನಲ್ಲಿ 350 ರೂಪಾಯಿ ಕೊಟ್ಟು ಕೊಂಡ ಈ ದಿನಚರಿ ಪುಸ್ತಕವನ್ನು ಮೂರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಪ್ರತಿ ಪುಟದ ಮೇಲ್ಭಾಗದಲ್ಲಿ ‘ಯಾವಾಗ’, ‘ಎಲ್ಲಿ’, ‘ಅಡ್ಡಿ ಬಂದರೆ ಏನು’ ಎಂಬ ಮೂರು ಖಾನೆಗಳಿರುವುದೇ ಇದರ ಹೆಚ್ಚುಗಾರಿಕೆ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ಪ್ರತಿಪಾದಿಸಿದ, ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಳ್ಳುವ ಕ್ರಮಕ್ಕೆ ಇದು ಬಹಳ ಹತ್ತಿರ. ‘ದಿನವೂ ನಡೆಯಬೇಕು’ ಎಂದು ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಇದ್ದ ನಾನು, ‘ಬೆಳಗಿನ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ ಲಾಲ್‌ಬಾಗಿನ ಪಶ್ಚಿಮ ದ್ವಾರದತ್ತ ಹೊರಡುತ್ತೇನೆ, ಮಳೆ ಬಂದರೆ ಮಹಡಿ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿಯುತ್ತೇನೆ’ ಎಂದು ಬರೆದ ವಾರದಿಂದ ನಡಿಗೆ ತಪ್ಪಿದ್ದು ವಿರಳ.

ಆದರೆ ಕಾಗದ ತೀರ ತೆಳು. ಶಾಯಿ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಮೂಡುತ್ತದೆ, ಎರಡನೆಯ ತಿಂಗಳಿಗೇ ಹೊಲಿಗೆ ಬಿಟ್ಟು ಹಾಳೆಗಳು ಸಡಿಲಗೊಂಡವು. ವಾರಕ್ಕೊಂದರಂತೆ ಅಚ್ಚಾಗಿರುವ ಹಿತನುಡಿಯ ಪುಟಗಳು ನನ್ನ ಮಟ್ಟಿಗೆ ದಂಡ. ಅವುಗಳ ಹಿಂದೆ ದಿನಸಿ ಪಟ್ಟಿ ಬರೆದುಕೊಂಡಿದ್ದೇನೆ. ಒಂದೆರಡು ಗುರಿಗಳಿರುವವರಿಗೆ ಇದು ಸಾಕು, ಏಳೆಂಟನ್ನು ಹೊತ್ತವರಿಗೆ ಸಾಲುವುದಿಲ್ಲ. ಮುಂದಿನ ಬಾರಿ ಇದೇ ಖಾನೆಗಳನ್ನು 200 ಪುಟದ ಸಾದಾ ನೋಟ್‌ಬುಕ್ಕಿನಲ್ಲಿ ನಾನೇ ಗೀಟು ಹಾಕಿಕೊಳ್ಳಲಿದ್ದೇನೆ.