ಮಗಳಿಗೆಂದು ತಂದ ಇಂಟಿಮೇಟ್ ವಾಶ್

ಹದಿಮೂರು ವರ್ಷದ ಮಗಳು ಮೊಬೈಲಿನಲ್ಲಿ ಜಾಹೀರಾತು ನೋಡಿ ಕೇಳಿದ್ದರಿಂದ, ಕಳೆದ ತಿಂಗಳು ಮೆಡಿಕಲ್ ಶಾಪಿನಿಂದ ಗುಪ್ತಾಂಗದ ಹೊರಭಾಗ ತೊಳೆಯುವ ದ್ರವವಾದ ಇಂಟಿಮೇಟ್ ವಾಶ್‌ನ 100 ಮಿ.ಲೀ. ಬಾಟಲಿ ತಂದೆ. ಅಂಗಡಿಯವರು ಪ್ಯಾಡುಗಳನ್ನು ಕೊಡುವಂತೆಯೇ ಅದನ್ನೂ ದಿನಪತ್ರಿಕೆಯಲ್ಲಿ ಸುತ್ತಿ, ಕಪ್ಪು ಕವರಿನಲ್ಲಿಟ್ಟು ಕೊಟ್ಟರು. ಪೊಟ್ಟಣ ಬಿಚ್ಚುತ್ತಿದ್ದಂತೆ ಅವಳು ಕೇಳಿದಳು: “ಅಮ್ಮಾ, ಬಿಳಿ ಹೋಗುವುದು ಇದರಿಂದ ನಿಲ್ಲುತ್ತದಾ?”

ಆ ಪ್ರಶ್ನೆಯನ್ನು ನಾನು ನನ್ನ ಅಮ್ಮನಿಗೆ ಎಂದೂ ಕೇಳಿದವಳಲ್ಲ. “ಕೆಳಗೆ ಸೋಪು ಹಾಕಿ ಚೆನ್ನಾಗಿ ತೊಳ್ಕೋ” ಎಂಬುದೊಂದೇ ಅಮ್ಮ ಬಾಯಿಬಿಟ್ಟು ಹೇಳಿದ್ದು. ಮುಟ್ಟಿನ ಬಟ್ಟೆಯನ್ನು ಲಂಗದ ಅಡಿಯಲ್ಲಿ ಮರೆಮಾಡಿ ಒಣಹಾಕುವುದನ್ನು ಅವಳನ್ನು ನೋಡಿಯೇ ಕಲಿತೆ. ನನ್ನ ಮಗಳ ಪಾಲಿಗೂ ಹಾಗಾಗಬಾರದೆಂದು, ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಇಬ್ಬರೂ ಕುಳಿತು ಓದಿದೆವು.

ಅದರಲ್ಲಿರುವ ಮುಖ್ಯ ವಸ್ತು ಲ್ಯಾಕ್ಟಿಕ್ ಆಮ್ಲ. ಯೋನಿಯಲ್ಲಿ ಸಹಜವಾಗಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಇದೇ ಆಮ್ಲವನ್ನು ತಯಾರಿಸಿ, ದೊಡ್ಡವಳಾದ ಮೇಲೆ ಅಲ್ಲಿನ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಅನ್ನು ಸುಮಾರು 3.8ರಿಂದ 4.5ರೊಳಗೆ ಇಡುತ್ತವೆ; ವಾಸನೆ, ತುರಿಕೆಗಳಿಲ್ಲದ ತೆಳು ಬಿಳಿ ಸೆರಗು ದೇಹ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಬಗೆಯಾದ್ದರಿಂದ ಅದನ್ನು ನಿಲ್ಲಿಸಬೇಕಾಗಿಯೇ ಇಲ್ಲ ಎಂದು ಅವಳಿಗೆ ವಿವರಿಸಿದೆ. ಸಾಮಾನ್ಯ ಸ್ನಾನದ ಸೋಪಿನ ಪಿಎಚ್ 9ರಿಂದ 10ರಷ್ಟಿರುವುದರಿಂದ ಅಮ್ಮನ ಸಲಹೆಯೂ ಸರಿಯಿರಲಿಲ್ಲ.

ನನ್ನ ಮುಖ್ಯ ಆಕ್ಷೇಪವೆಂದರೆ, ಮುಂಭಾಗದಲ್ಲಿ “ದಿನವಿಡೀ ತಾಜಾತನ” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, “ಹೊರಭಾಗಕ್ಕೆ ಮಾತ್ರ” ಎಂಬ ಅತಿ ಮುಖ್ಯ ಮಾತು ಕಣ್ಣು ಕಿರಿದು ಮಾಡಿ ಹುಡುಕಬೇಕಾದಷ್ಟು ಸಣ್ಣದಾಗಿದೆ. ಒಳಗೆ ತೊಳೆದರೆ ಆ ಒಳ್ಳೆಯ ಬ್ಯಾಕ್ಟೀರಿಯಾಗಳೇ ಕಡಿಮೆಯಾಗಿ ಸೋಂಕಿಗೆ ದಾರಿಯಾಗುತ್ತದೆ. ತನ್ನ ಮೈಯ ಸಹಜ ವಾಸನೆಯೇ ತಪ್ಪೆಂದು ಬೆಳೆಯುವ ಹುಡುಗಿಗೆ ಅನ್ನಿಸುವಂತೆ ಮಾಡುವ, ಅದರಲ್ಲಿ ಬೆರೆಸಿರುವ ಸುಗಂಧವೂ ನನಗೆ ಒಪ್ಪಿಗೆಯಾಗಲಿಲ್ಲ. ಮೂರನೆಯ ದಿನ ಅವಳಿಗೆ ಉರಿ ಕಾಣಿಸಿಕೊಂಡಿತು. ನಿಲ್ಲಿಸಿ ಬರೀ ನೀರಿನಲ್ಲಿ ತೊಳೆದ ಮೇಲೆ ಎರಡು ದಿನಕ್ಕೆ ಶಮನವಾಯಿತು.

ಸುಗಂಧ ಒಗ್ಗುವವರು ಹೊರಚರ್ಮಕ್ಕೆ ಬಳಸಿದರೆ ತೊಂದರೆಯಾಗದಿರಬಹುದು, ಆದರೆ ಅಗತ್ಯವೇನೂ ಇಲ್ಲ. ಸೆರಗು ಮೊಸರಿನಂತೆ ಗಟ್ಟಿಯಾಗಿ ಅಥವಾ ಹಸಿರು ಬಣ್ಣದಲ್ಲಿ ಹೋದರೆ, ದುರ್ವಾಸನೆ, ತುರಿಕೆ ಇದ್ದರೆ ತೋರಿಸಬೇಕಾದದ್ದು ವೈದ್ಯರಿಗೆ. ನಾವು ಈ ಬಾಟಲಿಯನ್ನು ಮತ್ತೆ ಕೊಳ್ಳುವುದಿಲ್ಲ. ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದು ಅವಳಿಗೀಗ ರೂಢಿಯಾಗಿದೆ. ಹತ್ತಿಯ ಒಳಉಡುಪುಗಳನ್ನು ಟೆರೇಸಿನ ತಂತಿಯ ಮೇಲೆ, ಬಿಸಿಲು ನೇರವಾಗಿ ಬೀಳುವ ಕಡೆ, ಯಾವುದನ್ನೂ ಮೇಲೆ ಮುಚ್ಚದೆ ತಾನೇ ಒಣಹಾಕುತ್ತಿದ್ದಾಳೆ.