ನಾಯಿ ಮುದ್ದು ಮಾಡಲು ಹೋದೆ, ಪರಸಿ ತೊಳೆದು ಬಂದೆ: ಕಲಬುರಗಿಯ ಒಂದು ಶೆಲ್ಟರ್‌ನಲ್ಲಿ ಎರಡು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಈ ಶೆಲ್ಟರ್‌ನ ಹೆಸರು ಹಾಕುತ್ತಿಲ್ಲ. ದೂರು ಕೆಲವು ಇವೆ, ಅದೊಂದು ಕಾರಣ. ಇನ್ನೊಂದು, ವಿಳಾಸ ಗೊತ್ತಾದರೆ ಸಾಕು, ಜನ ರಾತ್ರಿ ಬಂದು ಗೇಟಿನ ಮುಂದೆ ರಟ್ಟಿನ ಡಬ್ಬದಲ್ಲಿ ಮರಿ ಇಟ್ಟು ಹೋಗುತ್ತಾರೆ. ನಾನು ಹೋದ ಮೊದಲ ಭಾನುವಾರವೇ ಅಂಥ ಡಬ್ಬ ಇತ್ತು. ಐದು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ರಿಂಗ್ ರೋಡ್ ದಾಟಿ, ತೊಗರಿ ಹೊಲಗಳ ಮಗ್ಗುಲಲ್ಲಿರುವ ಸಣ್ಣ ಜಾಗ ಅಂತಷ್ಟೇ ತಿಳಿದುಕೊಳ್ಳಿ.

ವಾಲಂಟಿಯರ್ ಆಗುವುದು ಅಂದರೆ ನನ್ನ ತಲೆಯಲ್ಲಿದ್ದ ಚಿತ್ರ ಬೇರೆ. ಮರಿ ಎತ್ತಿಕೊಂಡು ಕೂರುವುದು, ನಾಲ್ಕು ಫೋಟೋ, ಸ್ಟೇಟಸ್. ಅಲ್ಲಿ ಸಿಕ್ಕಿದ್ದು ಒಂದು ಪೊರಕೆ, ಒಂದು ಬಕೆಟ್, ಬ್ಲೀಚಿಂಗ್ ಪೌಡರ್. ಗೂಡುಗಳ ನೆಲಕ್ಕೆಲ್ಲ ನಮ್ಮ ಶಹಾಬಾದ್ ಪರಸಿ ಹಾಕಿದ್ದಾರೆ. ತಂಪಾಗಿರುತ್ತದೆ, ಬೇಸಿಗೆಗೆ ಒಳ್ಳೆಯದೇ. ಆದರೆ ಕಲ್ಲು ಕಲ್ಲಿನ ನಡುವಿನ ಸಂದಿನಲ್ಲಿ ಉಚ್ಚೆ ನಿಲ್ಲುತ್ತದೆ, ಅದನ್ನ ಬ್ರಷ್ ಹಿಡಿದು ಬಗ್ಗಿ ತಿಕ್ಕಬೇಕು. ಮೊದಲ ದಿನ ಹದಿನಾಲ್ಕು ಗೂಡು ತೊಳೆದೆ. ಸೋಮವಾರ ಆಫೀಸಿನಲ್ಲಿ ಕುರ್ಚಿಯಿಂದ ಏಳಲು ಆಗಲಿಲ್ಲ.

ಒಂದು ತಿಂಗಳ ತನಕ ಇಷ್ಟೇ ಕೆಲಸ. ತೊಳೆ, ನೀರು ತುಂಬು, ತಟ್ಟೆ ಉಜ್ಜು. ನಾಯಿಗಳನ್ನ ಮುಟ್ಟಲು ಬಿಡುವುದಿಲ್ಲ. ಆಗ ಸಿಟ್ಟು ಬಂದಿತ್ತು, ಈಗ ಇದೇ ಸರಿ ಅನ್ನಿಸುತ್ತದೆ. ಆದರೆ ಇದನ್ನ ಯಾರಾದರೂ ಮೊದಲ ದಿನವೇ ಹೇಳಬಾರದಿತ್ತೇ? ನನ್ನ ಜೊತೆ ಆರು ಜನ ಸೇರಿದ್ದೆವು. ಮೂರನೇ ವಾರಕ್ಕೆ ಉಳಿದದ್ದು ಇಬ್ಬರು. ನಾಯಿಗಳ ವಿಷಯದಲ್ಲಿ ಇವರಿಗಿರುವ ತಾಳ್ಮೆಯ ಕಾಲುಭಾಗ ಹೊಸದಾಗಿ ಬರುವ ಮನುಷ್ಯರ ಮೇಲೆ ಇಲ್ಲ, ನನ್ನ ಮುಖ್ಯ ದೂರು ಇದೇ.

ರೇಬೀಸ್ ಲಸಿಕೆಯ ಕಥೆ ಕೇಳಿ. ಪ್ರಾಣಿಗಳ ಜೊತೆ ಕೆಲಸ ಮಾಡುವವರು ಕಚ್ಚಿಸಿಕೊಳ್ಳುವ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಮೊದಲ ದಿನ ಒಂದು, ಏಳನೇ ದಿನ ಒಂದು, ಆಮೇಲೆ 21ನೇ ಅಥವಾ 28ನೇ ದಿನ ಒಂದು. ಫಾರ್ಮ್ ತುಂಬಿಸಿಕೊಂಡವರು ಆಧಾರ್ ಕೇಳಿದರು, ರಕ್ತದ ಗುಂಪು ಕೇಳಿದರು, ಲಸಿಕೆ ಬಗ್ಗೆ ತುಟಿ ಪಿಟಕ್ ಅನ್ನಲಿಲ್ಲ. ಎರಡನೇ ವಾರ ತಟ್ಟೆ ಇಡುವಾಗ ಜಾಲರಿಯ ಸಂದಿನಿಂದ ಒಂದು ನಾಯಿಯ ಹಲ್ಲು ಕೈಗೆ ತಾಗಿತು. ಸಣ್ಣ ಗೀರು, ಒಂದು ಹನಿ ರಕ್ತ. ಅಲ್ಲಿನ ಕಾಕಾ ನನ್ನ ಕೈ ಹಿಡಿದು ನಲ್ಲಿ ಕೆಳಗಿಟ್ಟು, ಸೋಪು ಕೊಟ್ಟು, ಪೂರ್ತಿ ಹದಿನೈದು ನಿಮಿಷ ತೊಳೆಸಿದರು. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಓಡಿದೆ. ಅಲ್ಲಿ ಲಸಿಕೆ ಪುಕ್ಕಟೆ. ಆದರೆ ಮೊದಲೇ ಹಾಕಿಸಿಕೊಂಡಿದ್ದರೆ ಎರಡೇ ಡೋಸ್‌ನಲ್ಲಿ ಮುಗಿಯುತ್ತಿತ್ತು, ಗಾಯದ ಸುತ್ತ ಚುಚ್ಚುವ ಆ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಬೇಕಾಗುತ್ತಿರಲಿಲ್ಲ. ಅದರ ನೋವು ಹಲ್ಲು ತಾಗಿದ್ದಕ್ಕಿಂತ ಜಾಸ್ತಿ. ಎಲ್ಲಿಗೇ ಸೇರಿ, ಅವರು ಕೇಳಲಿ ಬಿಡಲಿ, ನೀವೇ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಇನ್ನೊಂದು ತಪ್ಪು ನನ್ನದೇ. ದೊಡ್ಡ ನಾಯಿಗಳ ಕಡೆ ತೊಳೆದು, ಅದೇ ಚಪ್ಪಲಿಯಲ್ಲಿ ಮರಿಗಳ ಕೋಣೆಗೆ ಹೆಜ್ಜೆ ಇಟ್ಟೆ. ಹಿಂದಿನಿಂದ ಡಾಕ್ಟರ್ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾದಾ ಫಿನಾಯಿಲ್‌ಗೆಲ್ಲ ಬಗ್ಗುವುದಿಲ್ಲ, ಬ್ಲೀಚಿಂಗ್ ನೀರೇ ಬೇಕು. ಲಸಿಕೆ ಆಗದ ಮರಿಗೆ ತಗುಲಿದರೆ ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಕಥೆ ಮುಗಿಯಬಹುದು. ಅದಕ್ಕೇ ಆ ಬಾಗಿಲಲ್ಲಿ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಬೈಸಿಕೊಂಡದ್ದು ಸರಿಯೇ. ಆದರೆ ಬಾಗಿಲಿಗೆ ಒಂದು ಚೀಟಿ ಅಂಟಿಸಲು ಎಷ್ಟು ಹೊತ್ತು ಬೇಕು, ಅಲ್ವಾ? ಕೊನೆಗೆ ನಾನೇ ಬರೆದು ಅಂಟಿಸಿದೆ. ಆ ಡಾಕ್ಟರ್ ಬೀದರಿನ ವೆಟರ್ನರಿ ಕಾಲೇಜಿನಲ್ಲಿ ಓದಿದವರು, ವಾರಕ್ಕೆ ಮೂರು ದಿನ ಬರುತ್ತಾರೆ. ಮಾತು ಬಿರುಸು, ಕೈ ಮೆತ್ತಗೆ. ಹುಳ ಬಿದ್ದ ಗಾಯದಿಂದ ಚಿಮಟದಲ್ಲಿ ಒಂದೊಂದೇ ಹುಳ ತೆಗೆಯುತ್ತಾ ನಾಯಿಯ ಜೊತೆ ಹರಟೆ ಹೊಡೆಯುತ್ತಾರೆ.

ಊಟಕ್ಕೆ ಪೂರ್ತಿ ಮಾರ್ಕು. ದೊಡ್ಡ ಪಾತ್ರೆಯಲ್ಲಿ ಅನ್ನ, ಕೋಳಿ ಅಂಗಡಿಯಿಂದ ತಂದ ಮಾಂಸದ ಚೂರು, ಚಿಟಿಕೆ ಅರಿಶಿನ. ಉಳ್ಳಾಗಡ್ಡಿ ಬಿಲ್ಕುಲ್ ಇಲ್ಲ, ನಾಯಿಯ ರಕ್ತಕ್ಕೆ ಅದು ವಿಷ. ಮದುವೆ ಮನೆಯವರು ಉಳಿದ ಪಲಾವ್ ತಂದರೆ ವಾಪಸ್ ಕಳಿಸುತ್ತಾರೆ, ತಂದವರಿಗೆ ಅವಮಾನ. ಮಸಾಲೆ ಇಲ್ಲದ ಒಣ ಜೋಳದ ರೊಟ್ಟಿ ಆದರೆ ನೆನೆಸಿ ಅನ್ನಕ್ಕೆ ಕಲಸಿ ಹಾಕುತ್ತಾರೆ.

ಐದನೇ ವಾರ ಶೇಂಗಾಳ ಹತ್ತಿರ ಬಿಟ್ಟರು. ಲಾರಿ ತಾಗಿ ಸೊಂಟ ಮುರಿದಿದ್ದ ಕಂದು ಹೆಣ್ಣುನಾಯಿ. ನಾನು ಕೈ ಚಾಚಿಕೊಂಡು ಹೋದೆ, ಅದು ಮೂಲೆಗೆ ಒತ್ತಿಕೊಂಡು ಗುರ್ ಅಂದಿತು. ಕಾಕಾ ಹೇಳಿದರು, "ತಂಗೀ, ನೀ ಅದ್ರ ಕಡಿ ಹೋಗಬ್ಯಾಡ. ಬೆನ್ನು ಮಾಡಿ ಸುಮ್ನೆ ಕುಂದ್ರು. ಬೇಕಾದ್ರ ಅದೇ ಬರ್ತದ." ಕೂತೆ. ಮುಕ್ಕಾಲು ಗಂಟೆ ಏನೂ ಆಗಲಿಲ್ಲ, ಕಾಲು ಜೋಮು ಹಿಡಿಯಿತು. ಮುಂದಿನ ಭಾನುವಾರ ಮತ್ತೆ ಕೂತೆ. ಅದರ ಮುಂದಿನ ವಾರ ಬೆನ್ನಿಗೆ ಒದ್ದೆ ಮೂಗು ತಾಗಿತು. ತಿರುಗಿ ನೋಡಬಾರದು ಅಂತ ಗೊತ್ತಿತ್ತು, ಆದರೂ ನೋಡಿಬಿಟ್ಟೆ, ಮತ್ತೆ ಮೂಲೆಗೆ ಓಡಿತು. ಈಗ ಪರವಾಗಿಲ್ಲ, ಕೈಯಿಂದ ತಿನ್ನುತ್ತದೆ.

ಫೋನ್ ಡ್ಯೂಟಿ ಕೊಟ್ಟರೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬರುವ ಕರೆಗಳಲ್ಲಿ ಹೆಚ್ಚಿನವು "ನಮ್ಮ ಓಣಿ ನಾಯಿ ಎಲ್ಲಾ ಒಯ್ದುಬಿಡ್ರಿ" ಅಂತಲೇ. 2023ರ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅಂದರೆ ಒಬ್ಬರು "ಹಂಗಾದ್ರ ನೀವ್ಯಾಕ ಇದ್ದೀರಿ?" ಅಂತ ಫೋನ್ ಇಟ್ಟರು.

ಇನ್ನು ಉಳಿದ ಕೊರತೆ. ಹೆಣ್ಣುಮಕ್ಕಳಿಗೆ ಸರಿಯಾದ ಟಾಯ್ಲೆಟ್ ಇಲ್ಲ. ಬಸ್ ಇಳಿದು ಒಂದು ಕಿಲೋಮೀಟರ್ ನಡಿಗೆ, ಮಳೆ ಬಂದರೆ ಎರೆಮಣ್ಣು ಚಪ್ಪಲಿ ಬಿಡುವುದಿಲ್ಲ. ದುಡ್ಡು ಕೊಟ್ಟರೆ ರಸೀದಿ ಕೇಳಿ ಕೇಳಿ ಪಡೆಯಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಜಾಸ್ತಿ, ಯಾರು ಯಾವಾಗ ಬರಬೇಕು ಅನ್ನುವ ಪಟ್ಟಿ ಇಲ್ಲ. ಮೇ ತಿಂಗಳಲ್ಲಿ ಸೇರಬೇಡಿ, 42 ಡಿಗ್ರಿಯಲ್ಲಿ ಗೋಣಿಚೀಲ ನೆನೆಸಿ ಜಾಲರಿಗೆ ಕಟ್ಟುವುದರಲ್ಲೇ ದಿನ ಹೋಗುತ್ತದೆ ಅಂತ ಹಳಬರು ಹೇಳುತ್ತಾರೆ. ಅಥವಾ ಆಗಲೇ ಸೇರಿ, ಆಗಲೇ ಕೈ ಕಡಿಮೆ ಇರುವುದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಾಯಿಗಳನ್ನ ಕೇಳಿದರೆ ಐದು ಕೊಡುತ್ತವೇನೋ. ಮೊದಲ ದಿನ ಬಿಸ್ಕೆಟ್ ಪ್ಯಾಕೆಟ್ ಒಯ್ಯಬೇಡಿ, ಹಳೇ ಪೇಪರ್ ಒಯ್ಯಿರಿ. ಮರಿಗಳ ಕೋಣೆಗೆ ದಿನಕ್ಕೆ ಒಂದು ಕಟ್ಟು ಬೇಕಾಗುತ್ತದೆ. ಡಬ್ಬದಲ್ಲಿ ಬಂದ ಐದರಲ್ಲಿ ಮೂರು ಉಳಿದಿವೆ, ಈಗ ಅವೇ ಎಲ್ಲಾ ಪೇಪರ್ ಹರಿಯುತ್ತಿವೆ.